ಗಾಡಿ ಏರಿ ಹೋದ ಕಡತಗಳು



ನಿಮ್ಮ ಅಪ್ಪ ಅಮ್ಮ ಇಲ್ಲಿ ಮನೆ ಕೊಂಡ ದಿನ ನಿಮಗೆ ನೆನಪಿದೆಯೇ? ಅವರು ಯಾವುದೋ ಕಚೇರಿಯ ಮೇಜಿನ ಮುಂದೆ ಕೂತು, ಕೈ ನೋಯುವಷ್ಟು ಸಹಿ ಹಾಕಿ, ಬೀಗದ ಕೈ ಹಿಡಿದು ಬಂದರು. ಆಮೇಲೆ ಖಾಲಿ ಮನೆಯ ಒಲೆಯ ಮೇಲೆ ಹಾಲು ಉಕ್ಕಿಸಿದರು. ಫೋಟೋ ತೆಗೆದು ಊರಿಗೆ ಕಳಿಸಿದರು. ನಿಮಗೆ ನೆನಪಿರುವುದು ಅಷ್ಟು. ಆದರೆ ಆ ದಿನ ಸಹಿಯಾದ ಕಾಗದಗಳಲ್ಲಿ ಒಂದು ನಿಮ್ಮ ಮನೆಗೆ ಬರುವ ಮೊದಲು ಇನ್ನೊಂದು ಕಡೆಗೆ ಹೋಯಿತು. ಅದೇ ಕ್ರಯಪತ್ರ. ನೀವು ವರ್ಜೀನಿಯಾದ ಲೌಡನ್ ಕೌಂಟಿಯವರಾದರೆ, ಆಶ್‌ಬರ್ನ್ ಅಥವಾ ಸ್ಟರ್ಲಿಂಗ್ ಕಡೆಯವರಾದರೆ, ಅದು ಲೀಸ್‌ಬರ್ಗ್ ಊರಿನ ಕೋರ್ಟಿಗೆ ಹೋಗಿ ಅಲ್ಲಿ ನೋಂದಣಿಯಾಯಿತು. ನಿಮ್ಮ ಮನೆತನದ ಹೆಸರು ಅಲ್ಲಿನ ದಾಖಲೆಗಳ ಸಾಲಿಗೆ ಸೇರಿತು. ಆ ಸಾಲು ಶುರುವಾದದ್ದು 1757ರಲ್ಲಿ.

ಇವತ್ತು ಆ ಸಾಲಿನ ಬಗ್ಗೆ, ಅದನ್ನು ಕಾಪಾಡಿದವರ ಬಗ್ಗೆ ನಿಮ್ಮ ಹತ್ತಿರ ಮಾತಾಡಬೇಕು. ಹಳೆಯ ಸರ್ಕಾರಿ ಕಾಗದ ಎಂದರೆ ಬೇಸರದ ವಿಷಯ ಎಂದು ನಿಮಗೆ ಅನ್ನಿಸಬಹುದು. ಹತ್ತು ನಿಮಿಷ ತಾಳ್ಮೆಯಿಂದ ಕೇಳಿ.

ಮೊದಲು ಒಂದು ಪದ. ಕನ್ನಡದಲ್ಲಿ ಆಫೀಸಿನ ಫೈಲಿಗೆ ಕಡತ ಎನ್ನುತ್ತೇವೆ. ಹಿಂದೆ ಕಡತ ಎಂದರೆ ಬಟ್ಟೆಯ ಪುಸ್ತಕ. ಉದ್ದನೆಯ ಬಟ್ಟೆಗೆ ಹುಣಸೆ ಬೀಜದ ಅಂಟು ಮತ್ತು ಇದ್ದಿಲ ಪುಡಿ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚುತ್ತಿದ್ದರು. ಆ ಕಪ್ಪು ಬಟ್ಟೆಯ ಮೇಲೆ ಬಳಪದಿಂದ ಬರೆಯುತ್ತಿದ್ದರು. ಊರಿನ ಶಾನುಭೋಗರು ಯಾರ ಹೊಲ ಎಷ್ಟು, ಕಂದಾಯ ಎಷ್ಟು ಎಂಬ ಲೆಕ್ಕ ಇಡುತ್ತಿದ್ದದ್ದು ಇಂಥ ಕಡತಗಳಲ್ಲಿ. ಬಟ್ಟೆಯ ಪುಸ್ತಕ ಹೋಯಿತು, ಪದ ಉಳಿಯಿತು. ಹಾಗಾಗಿ ಊರ ಲೆಕ್ಕವನ್ನು ಬರೆದಿಡುವುದು, ಬರೆದದ್ದನ್ನು ಕಾಯುವುದು ನಮಗೆ ಹೊಸದಲ್ಲ. ನಿಮ್ಮ ಅಪ್ಪ ಊರಿಗೆ ಫೋನ್ ಮಾಡಿ ಪಹಣಿ, ಖಾತೆ ಎಂದು ಮಾತಾಡುವಾಗ ಅವರು ಕೇಳುತ್ತಿರುವುದು ಇದೇ ಲೆಕ್ಕವನ್ನು.

ಅಮೆರಿಕದಲ್ಲಿ ಈ ಕೆಲಸದ ಬಹುಪಾಲು ಕೌಂಟಿಯದು. ವರ್ಜೀನಿಯಾದಲ್ಲಿ ಇದಕ್ಕೆ ಸರ್ಕ್ಯೂಟ್ ಕೋರ್ಟಿನ ಕ್ಲರ್ಕ್ ಹೊಣೆ. ಕ್ಲರ್ಕ್ ಎಂದ ತಕ್ಷಣ ಗುಮಾಸ್ತ ಎಂದುಕೊಳ್ಳಬೇಡಿ. ಇಲ್ಲಿ ಕ್ಲರ್ಕ್ ಎಂದರೆ ಜನರೇ ಎಂಟು ವರ್ಷಕ್ಕೊಮ್ಮೆ ಮತ ಹಾಕಿ ಆರಿಸುವ ಅಧಿಕಾರಿ. ಜಮೀನಿನ ಕ್ರಯಪತ್ರ, ಉಯಿಲು, ಮದುವೆಯ ಪರವಾನಗಿ, ಕೋರ್ಟಿನ ವ್ಯಾಜ್ಯಗಳ ಕಾಗದ, ಎಲ್ಲವೂ ಅವರ ವಶದಲ್ಲಿರುತ್ತವೆ. ಲೌಡನ್ ಕೌಂಟಿ 1757ರಲ್ಲಿ ಫೇರ್‌ಫ್ಯಾಕ್ಸ್ ಕೌಂಟಿಯಿಂದ ಬೇರೆಯಾದಾಗಿನಿಂದ ಇವತ್ತಿನವರೆಗೆ ಈ ಲೆಕ್ಕ ನಡೆದು ಬಂದಿದೆ. ಅಮೆರಿಕ ಎಂಬ ದೇಶ ಹುಟ್ಟಿದ್ದು 1776ರಲ್ಲಿ. ಆ ಪುಸ್ತಕಗಳು ದೇಶಕ್ಕಿಂತ ಹಳೆಯವು.

ಅವು ಉಳಿದದ್ದು ತಾನಾಗಿ ಅಲ್ಲ.

1861ರಲ್ಲಿ ಅಂತರ್ಯುದ್ಧ ಶುರುವಾಯಿತು. ಲೌಡನ್ ಕೌಂಟಿ ಇರುವುದು ಪೊಟೊಮ್ಯಾಕ್ ನದಿಯ ದಂಡೆಯಲ್ಲಿ. ನದಿಯ ಆಚೆ ಮೇರಿಲ್ಯಾಂಡ್, ಯೂನಿಯನ್ ಸೈನ್ಯ. ಈಚೆ ವರ್ಜೀನಿಯಾ, ಕಾನ್ಫೆಡರೇಟ್ ಸೈನ್ಯ. ಆ ವರ್ಷದ ಅಕ್ಟೋಬರಿನಲ್ಲಿ ಲೀಸ್‌ಬರ್ಗ್ ಪಕ್ಕದ ಬಾಲ್ಸ್ ಬ್ಲಫ್‌ನಲ್ಲಿ ಕಾಳಗವೇ ನಡೆಯಿತು. ಯುದ್ಧಕಾಲದಲ್ಲಿ ಕೋರ್ಟಿನ ಕಾಗದ ಎಂದರೆ ಸೈನಿಕರ ಕೈಗೆ ಸಿಕ್ಕರೆ ಬೆಂಕಿ ಹೊತ್ತಿಸಲು ಆಗುವ ವಸ್ತು. ಆಗ ಲೌಡನ್‌ನ ಕ್ಲರ್ಕ್ ಆಗಿದ್ದವರು ಜಾರ್ಜ್ ಕೆ. ಫಾಕ್ಸ್ ಜೂನಿಯರ್. 1862ರಲ್ಲಿ ಅವರು ಕಡತಗಳನ್ನು ಗಾಡಿಗೆ ಹೇರಿಕೊಂಡು ದಕ್ಷಿಣಕ್ಕೆ ಹೊರಟರು. ಹೋಗಿ ಸೇರಿದ್ದು ಲಿಂಚ್‌ಬರ್ಗ್ ಪಕ್ಕದ ಕ್ಯಾಂಪ್‌ಬೆಲ್ ಕೌಂಟಿಗೆ. ಲೀಸ್‌ಬರ್ಗ್‌ನಿಂದ ಸುಮಾರು 150 ಮೈಲಿ. ಯುದ್ಧ ಮುಗಿಯುವ ತನಕ ಪುಸ್ತಕಗಳು ಅಲ್ಲೇ ಇದ್ದವು. 1865ರಲ್ಲಿ ವಾಪಸು ಬಂದವು.

ಅದೇ ಹೊತ್ತಿನಲ್ಲಿ ಬೇರೆ ಕೌಂಟಿಗಳೂ ಇದೇ ಯೋಚನೆ ಮಾಡಿದವು. ಜೇಮ್ಸ್ ಸಿಟಿ, ಗ್ಲಾಸ್ಟರ್ ಮುಂತಾದ ಕೌಂಟಿಗಳು ತಮ್ಮ ಪುಸ್ತಕಗಳನ್ನು ರಾಜಧಾನಿ ರಿಚ್ಮಂಡ್‌ಗೆ ಕಳಿಸಿದವು. ರಾಜಧಾನಿಗಿಂತ ಭದ್ರವಾದ ಜಾಗ ಯಾವುದಿದ್ದೀತು? 1865ರ ಏಪ್ರಿಲಿನಲ್ಲಿ ಕಾನ್ಫೆಡರೇಟ್ ಸೈನ್ಯ ರಿಚ್ಮಂಡ್ ಬಿಟ್ಟು ಓಡುವಾಗ ಗೋದಾಮುಗಳಿಗೆ ಬೆಂಕಿ ಇಟ್ಟಿತು. ಬೆಂಕಿ ಊರಿಗೆ ಹಬ್ಬಿತು. ಕೋರ್ಟಿನ ಕಟ್ಟಡ ಉರಿಯಿತು, ಭದ್ರವಾಗಿರಲಿ ಎಂದು ಕಳಿಸಿದ್ದ ಪುಸ್ತಕಗಳೂ ಉರಿದವು. ಗ್ಲಾಸ್ಟರ್ ಕೌಂಟಿಯ ಹಳೆಯ ಕಾಗದಗಳು 1820ರಲ್ಲೇ ಒಮ್ಮೆ ಬೆಂಕಿಗೆ ಹೋಗಿದ್ದವು. ಆಮೇಲೆ ಕೂಡಿಸಿದ್ದು ಹೀಗೆ ಹೋಯಿತು. ವರ್ಜೀನಿಯಾದಲ್ಲಿ ಇಂಥವಕ್ಕೆ ಸುಟ್ಟ ದಾಖಲೆಗಳ ಕೌಂಟಿಗಳು ಎಂದೇ ಹೆಸರು.

ಫೇರ್‌ಫ್ಯಾಕ್ಸ್ ಕೌಂಟಿಯ ಕಥೆ ಇನ್ನೊಂದು ಬಗೆಯದು. ಜಾರ್ಜ್ ವಾಷಿಂಗ್ಟನ್ ಅವರ ಹೆಂಡತಿ ಮಾರ್ಥಾ ಅವರ ಉಯಿಲು ಅಲ್ಲಿನ ಕೋರ್ಟಿನಲ್ಲಿತ್ತು. ಯುದ್ಧದ ಸಮಯದಲ್ಲಿ ಯೂನಿಯನ್ ಸೇನೆಯ ಅಧಿಕಾರಿಯೊಬ್ಬರು ಅದನ್ನು ಎತ್ತಿಕೊಂಡು ಹೋದರು. ಅದು ಕೈ ಬದಲಾಗಿ ಕೊನೆಗೆ ನ್ಯೂಯಾರ್ಕಿನ ಹೆಸರಾಂತ ಸಾಹುಕಾರ ಜೆ. ಪಿ. ಮಾರ್ಗನ್ ಅವರ ಸಂಗ್ರಹ ಸೇರಿತು. ವಾಪಸು ಕೊಡಿ ಎಂದು ವರ್ಜೀನಿಯಾ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 1915ರಲ್ಲಿ ಮಾರ್ಗನ್ ಅವರ ಮಗ ಉಯಿಲನ್ನು ಹಿಂದಿರುಗಿಸಿದರು. ಸಾರ್ವಜನಿಕ ದಾಖಲೆ ಯಾರ ಸ್ವಂತ ಆಸ್ತಿಯೂ ಅಲ್ಲ, ಎಷ್ಟು ದುಡ್ಡು ಕೊಟ್ಟು ಕೊಂಡರೂ ಅಲ್ಲ.

ಈಗ ಮುಖ್ಯ ಪ್ರಶ್ನೆಗೆ ಬರೋಣ. ಫಾಕ್ಸ್ ಅವರು ಕಾಪಾಡಿದ ಪುಸ್ತಕಗಳಲ್ಲಿ ಏನಿತ್ತು?

ಜಮೀನಿತ್ತು, ಮನೆಗಳಿದ್ದವು. ಮನುಷ್ಯರೂ ಇದ್ದರು. 1860ರಲ್ಲಿ ಲೌಡನ್ ಕೌಂಟಿಯಲ್ಲಿ ಸುಮಾರು 5,500 ಜನ ಗುಲಾಮಗಿರಿಯಲ್ಲಿದ್ದರು. ಒಡೆಯ ಸತ್ತಾಗ ಅವನ ಆಸ್ತಿಯ ಪಟ್ಟಿ ಮಾಡುತ್ತಿದ್ದರು. ಆ ಪಟ್ಟಿಯಲ್ಲಿ ಕುದುರೆ, ಹಸು, ನೇಗಿಲು, ಮಂಚಗಳ ನಡುವೆ ಮನುಷ್ಯರ ಹೆಸರುಗಳು, ಪಕ್ಕದಲ್ಲಿ ಡಾಲರುಗಳಲ್ಲಿ ಬೆಲೆ. ಉಯಿಲಿನಲ್ಲಿ ತಾಯಿ ಒಬ್ಬ ಮಗನ ಪಾಲಿಗೆ, ಅವಳ ಮಗು ಇನ್ನೊಬ್ಬ ಮಗಳ ಪಾಲಿಗೆ.

ಓದಿದರೆ ಹೊಟ್ಟೆ ತೊಳಸುತ್ತದೆ. ಇಂಥದ್ದನ್ನು ಯಾಕೆ ಕಾಪಾಡಬೇಕು, ಸುಟ್ಟು ಹೋಗಿದ್ದರೇ ಚೆನ್ನಾಗಿತ್ತಲ್ಲ ಎಂದು ನೀವು ಕೇಳಬಹುದು. ಆದರೆ ಇದನ್ನು ನೋಡಿ. ಅಮೆರಿಕದಲ್ಲಿ ಹತ್ತು ವರ್ಷಕ್ಕೊಮ್ಮೆ ಜನಗಣತಿ ನಡೆಯುತ್ತದೆ. 1850 ಮತ್ತು 1860ರ ಗಣತಿಯಲ್ಲಿ ಗುಲಾಮರಿಗಾಗಿ ಬೇರೆ ಪಟ್ಟಿ ಇತ್ತು. ಅದರಲ್ಲಿ ಒಡೆಯನ ಹೆಸರಿದೆ. ಗುಲಾಮರ ವಯಸ್ಸು, ಗಂಡೋ ಹೆಣ್ಣೋ, ಮೈಬಣ್ಣ ಇದೆ. ಹೆಸರಿಲ್ಲ. ಅವರೆಲ್ಲರ ಹೆಸರು ಗಣತಿಯಲ್ಲಿ ಬಂದದ್ದು 1870ರಲ್ಲಿ, ಬಿಡುಗಡೆಯಾದ ಮೇಲೆ. ನಿಮ್ಮ ಆಫ್ರಿಕನ್ ಅಮೆರಿಕನ್ ಸ್ನೇಹಿತೆಯೊಬ್ಬಳು ತನ್ನ ವಂಶದ ಜಾಡು ಹಿಡಿದು ಹಿಂದೆ ಹಿಂದೆ ಹೋದರೆ 1870ಕ್ಕೆ ಗೋಡೆಗೆ ಹಣೆ ಬಡಿದ ಹಾಗೆ ನಿಲ್ಲಬೇಕಾಗುತ್ತದೆ. ಆ ಗೋಡೆಯಲ್ಲಿ ಇರುವ ಸಣ್ಣ ಕಿಂಡಿಗಳಲ್ಲಿ ಮುಖ್ಯವಾದವು ಇವೇ ಕೌಂಟಿ ಪುಸ್ತಕಗಳು. ಆಸ್ತಿಯ ಪಟ್ಟಿಯಲ್ಲಿ ಹೆಸರಿದೆ. ಉಯಿಲಿನಲ್ಲಿ ತಾಯಿ ಯಾರು, ಮಗು ಯಾರು ಎಂದು ಇದೆ.

ಲೀಸ್‌ಬರ್ಗ್‌ನಲ್ಲಿ ಇನ್ನೊಂದು ಬಗೆಯ ದಾಖಲೆಯೂ ಇದೆ. ಗುಲಾಮರಲ್ಲದ ಕಪ್ಪು ಜನ ಕೌಂಟಿ ಕ್ಲರ್ಕಿನ ಹತ್ತಿರ ಹೆಸರು ಬರೆಸಬೇಕು ಎಂದು ವರ್ಜೀನಿಯಾ 1793ರಲ್ಲಿ ಕಾನೂನು ಮಾಡಿತು. ಹೆಸರು, ವಯಸ್ಸು, ಎತ್ತರ, ಮೈಬಣ್ಣ, ಮೈಮೇಲಿನ ಗಾಯದ ಗುರುತು, ಬಿಡುಗಡೆ ಹೇಗಾಯಿತು ಎಂಬುದೆಲ್ಲ ಬರೆಸಿ, ಅದರ ಪ್ರತಿಯನ್ನು ಜೊತೆಗಿಟ್ಟುಕೊಂಡು ಓಡಾಡಬೇಕಿತ್ತು. ಕಾಗದ ಇಲ್ಲದೆ ಸಿಕ್ಕರೆ ಸೆರೆ. 1806ರ ಇನ್ನೊಂದು ಕಾನೂನಿನ ಪ್ರಕಾರ, ಹೊಸದಾಗಿ ಬಿಡುಗಡೆಯಾದವರು ಹನ್ನೆರಡು ತಿಂಗಳಲ್ಲಿ ರಾಜ್ಯ ಬಿಟ್ಟು ಹೋಗಬೇಕು. ಅಂದರೆ ಸ್ವಾತಂತ್ರ್ಯ ಸಿಕ್ಕಿತು, ಆದರೆ ಹೆಂಡತಿ ಮಕ್ಕಳು ಇರುವ ಊರು ಹೋಯಿತು. ಜನರನ್ನು ಹಿಡಿತದಲ್ಲಿ ಇಡಲೆಂದೇ ಮಾಡಿದ ಪುಸ್ತಕ ಅದು. ಇವತ್ತು ಅದೇ ಪುಸ್ತಕ ಅವರ ಮರಿಮೊಮ್ಮಕ್ಕಳಿಗೆ ಅಜ್ಜನ ಎತ್ತರ ಎಷ್ಟಿತ್ತು, ಕೈಮೇಲೆ ಎಲ್ಲಿ ಗಾಯವಿತ್ತು ಎಂದು ಹೇಳುತ್ತದೆ. ಅವರಲ್ಲಿ ಹೆಚ್ಚಿನವರ ಫೋಟೋ ಇಲ್ಲ. ಇರುವುದು ಇದೊಂದೇ.

ಫಾಕ್ಸ್ ಗುಲಾಮರ ಮೊಮ್ಮಕ್ಕಳಿಗಾಗಿ ಗಾಡಿ ಕಟ್ಟಲಿಲ್ಲ. ಗುಲಾಮಗಿರಿ ಉಳಿಯಬೇಕೆಂದು ಹೋರಾಡುತ್ತಿದ್ದ ಪಕ್ಷದ ಕೌಂಟಿಯ ಅಧಿಕಾರಿ ಅವರು. ಅವರ ಕಣ್ಣಿಗೆ ಕಂಡದ್ದು ಆಸ್ತಿಯ ಹಕ್ಕು. ಆದರೆ ಕಡತದ ಗುಣವೇ ಹಾಗೆ. ಬರೆದವನು ಒಂದಕ್ಕೆ ಬರೆಯುತ್ತಾನೆ, ಕಾದವನು ಇನ್ನೊಂದಕ್ಕೆ ಕಾಯುತ್ತಾನೆ, ಓದುವವರಿಗೆ ಬೇಕಾಗುವುದು ಮೂರನೆಯದು. ಮುಂದೆ ಯಾರಿಗೆ ಏನು ಬೇಕಾಗುತ್ತದೆ ಎಂದು ಇವತ್ತೇ ಹೇಳಲು ಆಗದ್ದರಿಂದಲೇ ಕಾಯಬೇಕು.

ಇನ್ನೂ ಹತ್ತಿರದ ಒಂದು ಉದಾಹರಣೆ. ಲೀಸ್‌ಬರ್ಗ್‌ನಲ್ಲಿ ಡಗ್ಲಸ್ ಎಂಬ ಶಾಲೆ ಇದೆ. ಬಿಳಿಯರಿಗೂ ಕರಿಯರಿಗೂ ಬೇರೆ ಬೇರೆ ಶಾಲೆಗಳಿದ್ದ ಕಾಲದಲ್ಲಿ ಕಪ್ಪು ಮಕ್ಕಳಿಗೆ ಸರಿಯಾದ ಹೈಸ್ಕೂಲ್ ಇರಲಿಲ್ಲ. ಅವರ ತಂದೆತಾಯಿಗಳು ಸಂಘ ಕಟ್ಟಿ, ದುಡ್ಡು ಕೂಡಿಸಿ, 4,000 ಡಾಲರಿಗೆ ಜಮೀನು ಕೊಂಡರು. 1940ರಲ್ಲಿ ಅದನ್ನು ಶಾಲಾ ಮಂಡಳಿಗೆ ಒಂದು ಡಾಲರಿಗೆ ಬರೆದುಕೊಟ್ಟರು. 1941ರಲ್ಲಿ ಶಾಲೆ ತೆರೆಯಿತು. 1968ರವರೆಗೆ ಕೌಂಟಿಯ ಕಪ್ಪು ಮಕ್ಕಳಿಗೆ ಇದ್ದ ಹೈಸ್ಕೂಲ್ ಅದೊಂದೇ. ಕೌಂಟಿ ಅವರಿಗೆ ಶಾಲೆ ಕೊಟ್ಟಿತು ಎಂದು ಯಾರಾದರೂ ಹೇಳಿದರೆ, ಆ ಒಂದು ಡಾಲರಿನ ಕ್ರಯ ಅದಕ್ಕೆ ಉತ್ತರ ಕೊಡುತ್ತದೆ: ಕೊಟ್ಟವರು ಅವರೇ. ಆ ಕಾಲದ ಶಾಲೆಗಳ ಇನ್ನಷ್ಟು ಹಳೆಯ ಕಾಗದಗಳು ಯೂನಿಯನ್ ಸ್ಟ್ರೀಟಿನ ಹಳೆಯ ಶಾಲಾ ಕಟ್ಟಡದಲ್ಲಿ ವರ್ಷಗಟ್ಟಲೆ ಬಿದ್ದಿದ್ದವು. ಬಸ್ಸು ಬೇಕು, ಒಳ್ಳೆಯ ಕಟ್ಟಡ ಬೇಕು ಎಂದು ಆ ಪೋಷಕರು ಕೊಟ್ಟ ಅರ್ಜಿಗಳು ಅವುಗಳಲ್ಲಿವೆ. ಸ್ವಯಂಸೇವಕರು ಕೂತು ಅವನ್ನು ಒಂದೊಂದಾಗಿ ವಿಂಗಡಿಸಿದರು.

ಹಾಗೆಂದು ಬರೆದದ್ದೆಲ್ಲ ಸತ್ಯ ಎಂದುಕೊಳ್ಳಬೇಡಿ. 1924ರಲ್ಲಿ ವರ್ಜೀನಿಯಾ ಜನಾಂಗದ ಶುದ್ಧತೆ ಕಾಪಾಡುವ ನೆಪದಲ್ಲಿ ಒಂದು ಕಾನೂನು ತಂದಿತು. ಜನನ ಮರಣ ದಾಖಲೆಗಳ ರಾಜ್ಯಮಟ್ಟದ ಅಧಿಕಾರಿ ವಾಲ್ಟರ್ ಪ್ಲೆಕರ್ ಎಂಬಾತ ವರ್ಜೀನಿಯಾದಲ್ಲಿ ಇಂಡಿಯನ್ನರೇ ಉಳಿದಿಲ್ಲ ಎಂದು ಹಟ ಹಿಡಿದ. ಇಂಡಿಯನ್ ಎಂದರೆ ಇಲ್ಲಿನ ಮೂಲನಿವಾಸಿಗಳು. ಅವರ ಕಾಗದಗಳಲ್ಲಿ ಇಂಡಿಯನ್ ಎಂಬುದನ್ನು ತೆಗೆದು ಬೇರೆ ಜನಾಂಗ ಬರೆಸಿದ. 1943ರಲ್ಲಿ ಕೌಂಟಿವಾರು ಮನೆತನದ ಹೆಸರುಗಳ ಪಟ್ಟಿ ಮಾಡಿ, ಇವರನ್ನು ಇಂಡಿಯನ್ ಎಂದು ಬರೆಯಬೇಡಿ ಎಂದು ಕೌಂಟಿ ಕ್ಲರ್ಕುಗಳಿಗೂ ವೈದ್ಯರಿಗೂ ಕಳಿಸಿದ. ದಶಕಗಳ ನಂತರ ಆ ಬುಡಕಟ್ಟುಗಳು ಕೇಂದ್ರ ಸರ್ಕಾರದ ಮಾನ್ಯತೆ ಕೇಳಿದಾಗ, ನೀವು ಯಾರೆಂಬುದಕ್ಕೆ ಕಾಗದ ಎಲ್ಲಿ ಎಂಬ ಪ್ರಶ್ನೆ ಎದುರಾಯಿತು. ಅವುಗಳಲ್ಲಿ ಆರು ಬುಡಕಟ್ಟುಗಳಿಗೆ ಮಾನ್ಯತೆ ಸಿಕ್ಕಿದ್ದು 2018ರಲ್ಲಿ, ಅದೂ ಅಮೆರಿಕದ ಸಂಸತ್ತು ಕಾನೂನು ಮಾಡಿದ ಮೇಲೆ. ಆದರೆ ಪ್ಲೆಕರ್ ಮಾಡಿದ್ದು ನಮಗೆ ಗೊತ್ತಾದದ್ದು ಹೇಗೆ? ಅವನ ಪತ್ರ, ಅವನ ಪಟ್ಟಿ ಉಳಿದದ್ದರಿಂದ. ಸುಳ್ಳಿನ ಕಾಗದವನ್ನೂ ಎಸೆಯಬಾರದು. ಎಸೆದರೆ ಸುಳ್ಳು ಹೇಳಿದವನಿಗೇ ಲಾಭ.

ಇನ್ನು ಕಾಪಾಡುವ ಕೆಲಸದ ಬಗ್ಗೆ ಸ್ವಲ್ಪ. 1757ರ ಪುಸ್ತಕಕ್ಕಿಂತ 1900ರ ಪುಸ್ತಕ ಬೇಗ ಹಾಳಾಗುತ್ತದೆ ಎಂದರೆ ನಂಬುತ್ತೀರಾ? ಹಳೆಯ ಕಾಗದ ಚಿಂದಿ ಬಟ್ಟೆಯಿಂದ ಮಾಡಿದ್ದು, ಗಟ್ಟಿ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಿಂದ ಕಾಗದವನ್ನು ಮರದ ತಿರುಳಿನಿಂದ ಮಾಡತೊಡಗಿದರು. ಅದರಲ್ಲಿನ ಆಮ್ಲ ಕಾಗದವನ್ನು ಒಳಗಿನಿಂದಲೇ ತಿನ್ನುತ್ತದೆ. ಹಳದಿಯಾಗಿ, ಮುಟ್ಟಿದರೆ ಹಪ್ಪಳದಂತೆ ಮುರಿಯುತ್ತದೆ. ತೇವವಿದ್ದರೆ ಬೂಷ್ಟು ಹಿಡಿಯುತ್ತದೆ. ಆದ್ದರಿಂದ ತಂಪಾಗಿರುವ, ಒಣಗಿರುವ, ಬಿಸಿಲು ಬೀಳದ ಕೋಣೆ ಬೇಕು. ಆಮ್ಲವಿಲ್ಲದ ಪೆಟ್ಟಿಗೆಗಳು ಬೇಕು.

ಒಳ್ಳೆಯ ಮನಸ್ಸಿನಿಂದ ಮಾಡಿದ ಕೆಲಸವೂ ಕೆಡಬಹುದು. 1930ರ ದಶಕದಲ್ಲಿ ವರ್ಜೀನಿಯಾದ ವಿಲಿಯಂ ಬ್ಯಾರೋ ಎಂಬವರು ಹಳೆಯ ಹಾಳೆಗಳನ್ನು ತೆಳುವಾದ ಪ್ಲಾಸ್ಟಿಕ್ ಪೊರೆಗಳ ನಡುವೆ ಇಟ್ಟು ಬಿಸಿ ಒತ್ತಡದಿಂದ ಅಂಟಿಸುವ ವಿಧಾನ ತಂದರು. ಕೌಂಟಿ ಕೌಂಟಿಗಳಲ್ಲಿ ಪುಸ್ತಕಗಳಿಗೆ ಹಾಗೆ ಮಾಡಿಸಿದರು. ದಶಕಗಳು ಕಳೆದಂತೆ ಆ ಪ್ಲಾಸ್ಟಿಕ್ಕೇ ಹಳಸಿ ಹುಳಿ ಬಿಡತೊಡಗಿತು. ಪುಸ್ತಕ ತೆರೆದರೆ ವಿನೆಗರ್ ವಾಸನೆ. ಈಗ ತಜ್ಞರು ದ್ರಾವಣದಲ್ಲಿ ಅದ್ದಿ ಒಂದೊಂದೇ ಹಾಳೆಯಿಂದ ಆ ಪೊರೆ ಬಿಡಿಸುತ್ತಾರೆ. ಇದರಿಂದ ಈ ಕ್ಷೇತ್ರ ಕಲಿತ ಪಾಠ, ಬಿಚ್ಚಲಾಗದ ರಿಪೇರಿ ಮಾಡಬಾರದು.

ಇದಕ್ಕೆಲ್ಲ ದುಡ್ಡು ಎಲ್ಲಿಂದ ಬರುತ್ತದೆ? ನಿಮ್ಮ ಮನೆಯಿಂದ. ವರ್ಜೀನಿಯಾದಲ್ಲಿ ಕ್ರಯಪತ್ರ ನೋಂದಾಯಿಸುವಾಗ ಕಟ್ಟುವ ಶುಲ್ಕದಲ್ಲಿ ಒಂದು ಚಿಕ್ಕ ಪಾಲು ರಾಜ್ಯ ಗ್ರಂಥಾಲಯದ ದಾಖಲೆ ಸಂರಕ್ಷಣಾ ಯೋಜನೆಗೆ ಹೋಗುತ್ತದೆ. ಅಲ್ಲಿಂದ ಕೌಂಟಿ ಕ್ಲರ್ಕುಗಳಿಗೆ ಅನುದಾನ. ಅಂದರೆ ನಿಮ್ಮ ಅಪ್ಪ ಅಮ್ಮ ಮನೆ ಕೊಂಡ ದಿನ ತಮಗೆ ಗೊತ್ತಿಲ್ಲದೆಯೇ ಯಾರದೋ ಅಜ್ಜಿಯ ಹೆಸರಿರುವ ಹಾಳೆಯೊಂದರ ರಿಪೇರಿಗೆ ಕೈ ಜೋಡಿಸಿದರು.

ಎಲ್ಲ ಕಾಗದವನ್ನೂ ಇಡಲು ಆಗುವುದಿಲ್ಲ, ಇಡುವುದೂ ಇಲ್ಲ. ಯಾವುದನ್ನು ಎಷ್ಟು ವರ್ಷ ಇಡಬೇಕು, ಯಾವುದು ಶಾಶ್ವತ ಎಂದು ನಿಯಮಗಳಿವೆ. ಎಲ್ಲ ಸ್ಕ್ಯಾನ್ ಮಾಡಿ ಕಂಪ್ಯೂಟರಿಗೆ ಹಾಕಿದರೆ ಮುಗಿಯಿತಲ್ಲ ಎನ್ನುತ್ತೀರಾ? ಜಗತ್ತಿನಲ್ಲೇ ಅತಿ ಹೆಚ್ಚು ಡೇಟಾ ಸೆಂಟರುಗಳು ಒಂದೆಡೆ ಸೇರಿರುವುದು ಇದೇ ಲೌಡನ್ ಕೌಂಟಿಯ ಆಶ್‌ಬರ್ನ್‌ನಲ್ಲಿ. ನಿಮ್ಮಲ್ಲಿ ಕೆಲವರ ಮನೆಯವರು ಅಲ್ಲೇ ಕೆಲಸ ಮಾಡುತ್ತಿರಬಹುದು. ಅವರನ್ನು ಕೇಳಿ. ಮೂವತ್ತು ವರ್ಷದ ಹಿಂದಿನ ಫ್ಲಾಪಿಯನ್ನು ಇವತ್ತು ಮನೆಯಲ್ಲಿ ಓದಲು ಆಗುತ್ತದೆಯೇ? 1757ರ ಹಾಳೆಯನ್ನು ಓದಲು ಬೇಕಾದದ್ದು ಬೆಳಕು ಮತ್ತು ತಾಳ್ಮೆ. ಸ್ಕ್ಯಾನ್ ಬೇಕು, ಅದರಿಂದ ದೂರದವರಿಗೂ ಹಾಳೆ ಸಿಗುತ್ತದೆ, ಮೂಲ ಹಾಳೆಗೆ ಕೈ ತಾಗುವುದು ಕಡಿಮೆಯಾಗುತ್ತದೆ. ಆದರೆ ಮೂಲಕ್ಕೆ ಅದು ಬದಲಿಯಲ್ಲ. ಎಲ್ಲವನ್ನೂ ಒಂದೇ ಕಡೆ ಇಡಬಾರದು ಎಂಬುದನ್ನಂತೂ ರಿಚ್ಮಂಡ್ ಕಲಿಸಿದೆ.

ನಮ್ಮ ಭಾರತೀಯರಿಗೂ ಇದಕ್ಕೂ ಏನು ಸಂಬಂಧ? ನೂರು ವರ್ಷದ ಹಿಂದೆ ಕ್ಯಾಲಿಫೋರ್ನಿಯಾದ ಇಂಪೀರಿಯಲ್ ಕಣಿವೆಗೆ ಪಂಜಾಬಿನ ರೈತರು ಬಂದರು. ಊರಿನಿಂದ ಹೆಂಡತಿಯನ್ನು ಕರೆತರಲು ಕಾನೂನು ಬಿಡಲಿಲ್ಲ, ಹೊಲ ಕೊಳ್ಳಲೂ ಬಿಡಲಿಲ್ಲ. ಹಲವರು ಮೆಕ್ಸಿಕನ್ ಹೆಣ್ಣುಮಕ್ಕಳನ್ನು ಮದುವೆಯಾಗಿ ಸಂಸಾರ ಹೂಡಿದರು. ಮಾನವಶಾಸ್ತ್ರಜ್ಞೆ ಕ್ಯಾರೆನ್ ಲೆನಾರ್ಡ್ ಕೌಂಟಿಗಳ ಮದುವೆ ಪರವಾನಗಿ, ಜಮೀನಿನ ಕಾಗದಗಳನ್ನು ಹುಡುಕಿ, ಮನೆಮನೆಗೆ ಹೋಗಿ ಮಾತಾಡಿ, ಆ ಸಂಸಾರಗಳ ಚರಿತ್ರೆಯನ್ನು 1992ರಲ್ಲಿ ಪುಸ್ತಕವಾಗಿ ತಂದರು. ಆ ಕೌಂಟಿಗಳ ಕಾಗದ ಹೋಗಿದ್ದರೆ ಅವರ ಚರಿತ್ರೆಯ ಅರ್ಧ ಹೋಗುತ್ತಿತ್ತು.

ಈಗ ನಿಮ್ಮ ಸರದಿ. ಮೂರು ಕೆಲಸ ಹೇಳುತ್ತೇನೆ, ಯಾವುದೂ ಕಷ್ಟದ್ದಲ್ಲ.

ಒಂದು, ನಿಮ್ಮ ಕೌಂಟಿಯ ಹಳೆಯ ದಾಖಲೆಗಳ ವಿಭಾಗಕ್ಕೆ ಒಮ್ಮೆ ಹೋಗಿ ಬನ್ನಿ. ಅದು ಸಾರ್ವಜನಿಕರದು. ನಿಮ್ಮ ಮನೆಯ ಜಮೀನು ನಿಮಗಿಂತ ಮೊದಲು ಯಾರದ್ದಾಗಿತ್ತು, ಅವರಿಗಿಂತ ಮೊದಲು ಯಾರದ್ದಾಗಿತ್ತು ಎಂದು ಹಿಂದೆ ಹಿಂದೆ ಹುಡುಕಿ. ಮಾರಿದವರ ಪಟ್ಟಿ, ಕೊಂಡವರ ಪಟ್ಟಿ ಇರುತ್ತದೆ. ನಿಮ್ಮ ಹಿತ್ತಿಲಿನಲ್ಲಿ ಜೋಳ ಬೆಳೆದವರ ಹೆಸರು ಸಿಗಬಹುದು. ಬೆಳೆಯಲು ಒತ್ತಾಯಕ್ಕೆ ಸಿಕ್ಕವರದ್ದೂ ಸಿಗಬಹುದು.

ಎರಡು, ನಿಮ್ಮ ಹೆಸರು. ನಮ್ಮವರಿಗೆ ಹೆಸರಿನ ಮುಂದೆ ಇನಿಷಿಯಲ್ ಇರುತ್ತದೆ. ಕೆಲವರಿಗೆ ಊರ ಹೆಸರು, ಕೆಲವರಿಗೆ ತಂದೆಯ ಹೆಸರು. ಇಲ್ಲಿನ ಅರ್ಜಿಗಳು ಕೊನೆಯ ಹೆಸರು ಕೇಳುತ್ತವೆ. ಆಗ ಪಾಸ್‌ಪೋರ್ಟಿನಲ್ಲಿ ಒಂದು, ಕ್ರಯಪತ್ರದಲ್ಲಿ ಇನ್ನೊಂದು, ಮಗುವಿನ ಜನನ ಪತ್ರದಲ್ಲಿ ಮತ್ತೊಂದು ಆಗುತ್ತದೆ. ನೂರು ವರ್ಷದ ನಂತರ ಹುಡುಕುವ ಮೊಮ್ಮಗಳಿಗೆ ಇವರು ಮೂರು ಜನ ಬೇರೆ ಬೇರೆ ಎಂದು ಕಾಣುತ್ತಾರೆ. ಅಜ್ಜನ ಪೂರ್ತಿ ಹೆಸರು, ಇನಿಷಿಯಲ್ಲಿನ ಅರ್ಥ, ಊರು, ಇಲ್ಲಿಗೆ ಬಂದ ವರ್ಷ ಇವನ್ನು ಒಂದು ಹಾಳೆಯಲ್ಲಿ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆದು ಮನೆಯಲ್ಲಿಡಿ.

ಮೂರು, ನಿಮ್ಮ ಕನ್ನಡ ಕೂಟದ ಹಳೆಯ ಕಾಗದಗಳು. ಮೊದಲ ಯುಗಾದಿಯ ಕರಪತ್ರ, ಸದಸ್ಯರ ಪಟ್ಟಿ, ಕೈಬರಹದ ಸಭೆಯ ನಡಾವಳಿ, ನಾಟಕದ ಫೋಟೋ ಇವು ಯಾವ ಕೌಂಟಿ ಕೋರ್ಟಿಗೂ ತಾನಾಗಿ ಹೋಗುವುದಿಲ್ಲ. ಯಾರದೋ ಬೇಸ್‌ಮೆಂಟಿನಲ್ಲಿ, ನೀರು ಬಿಸಿ ಮಾಡುವ ಯಂತ್ರದ ಪಕ್ಕದಲ್ಲಿ ಇರುತ್ತವೆ. ಮನೆ ಮಾರುವಾಗ ಕಸದ ಜೊತೆ ಹೋಗುತ್ತವೆ. ಹಿರಿಯರನ್ನು ಕೇಳಿ, ಆ ಪೆಟ್ಟಿಗೆ ಹೊರಗೆ ತನ್ನಿ. ಫೋಟೋದ ಹಿಂದೆ ಸೀಸದ ಕಡ್ಡಿಯಲ್ಲಿ ಹೆಸರು ಬರೆಯಿರಿ. ಪ್ರತಿ ಮಾಡಿ ಎರಡು ಕಡೆ ಇಡಿ. ಆಮೇಲೆ ಊರಿನ ಗ್ರಂಥಾಲಯಕ್ಕೆ ಹೋಗಿ ಇದು ಬೇಕೇ ಎಂದು ಕೇಳಿ. ಇಲ್ಲಿನ ಚರಿತ್ರೆಯಲ್ಲಿ ನಾವೂ ಇದ್ದೇವೆ.

ಮುಂದಿನ ಸಲ ಲೀಸ್‌ಬರ್ಗ್ ಕೋರ್ಟಿನ ಮುಂದೆ ಹಾದು ಹೋಗುವಾಗ ಒಂದು ಕ್ಷಣ ನಿಧಾನಿಸಿ. ಒಳಗೆ ನಿಮ್ಮ ಅಪ್ಪ ಅಮ್ಮನ ಸಹಿ ಇದೆ. ಅದೇ ಸಾಲಿನಲ್ಲಿ, ಎರಡು ಶತಮಾನದ ಹಿಂದಿನ ಪುಟದಲ್ಲಿ, ಸಹಿ ಹಾಕುವ ಹಕ್ಕೇ ಇಲ್ಲದ ತಾಯಿಯೊಬ್ಬಳ ಹೆಸರೂ ಇದೆ. ಇಬ್ಬರನ್ನೂ ಒಂದೇ ಕಚೇರಿ ಕಾಯುತ್ತಿದೆ.